ಅಪ್ಪನ ಕೋಣೆಗೆ ಕಪ್ಪು ಬಣ್ಣ

ಹರಿಹರದ ನಮ್ಮ ಮನೆಯ ಮುಂದಿನ ಕೋಣೆಯ ಕಿಟಕಿಗೆ ಒಳಗಿನಿಂದ ಕರಿಬಟ್ಟೆ ಹೊಡೆದಿದ್ದನ್ನು ನಾನು ಮೊದಲು ನೋಡಿದ್ದು ಒಂದು ಭಾನುವಾರ ಬೆಳಿಗ್ಗೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವಳು ಗೇಟಿನ ಹತ್ತಿರವೇ ನಿಂತುಬಿಟ್ಟೆ. ಅದು ಅಪ್ಪನ ಕೋಣೆ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅಪ್ಪ ಆ ಕಿಟಕಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ, ಓಣಿಯಲ್ಲಿ ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದ. ಅವನು ತೀರಿಕೊಂಡು ಇನ್ನೂ ಒಂದೂವರೆ ವರ್ಷವಾಗಿರಲಿಲ್ಲ. ಅವನು ಬದುಕಿದ್ದಾಗ ಮಳೆ ಬಂದರೂ ಮುಚ್ಚದ ಕಿಟಕಿಗೆ ಈಗ ಮೊಳೆ ಹೊಡೆದು ಬಟ್ಟೆ ಕಟ್ಟಿದ್ದರು.

ನಾನು ಅನುಮಾನದ ಹೆಂಗಸು. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಪರೀಕ್ಷೆ ಬಂತೆಂದರೆ ತಂಟೆಕೋರರೇ ತುಂಬಿದ ಕೊಠಡಿಗೆ ನನ್ನನ್ನೇ ಹಾಕುತ್ತಾರೆ. ಯಾವ ಹುಡುಗ ಶರ್ಟಿನ ತೋಳನ್ನು ಎರಡು ಸಲ ಮಡಚಿದ, ಯಾವ ಹುಡುಗಿ ಪದೇ ಪದೇ ಜಡೆ ಮುಟ್ಟಿಕೊಂಡಳು ಎಂದು ನೋಡಿಯೇ ಚೀಟಿ ಎಲ್ಲಿದೆ ಎಂದು ಹೇಳಬಲ್ಲೆ. ಮನೆಯಲ್ಲೂ ಅದೇ ಕಣ್ಣು. ಹಾಲಿನವನು ಒಂದು ದಿನ ಬೇಗ ಬಂದರೂ ಯಾಕೆ ಎಂದು ಕೇಳುತ್ತೇನೆ. ನನ್ನ ಗಂಡ ಇದಕ್ಕೆ ನಗುತ್ತಾರೆ. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಕಣೇ" ಎನ್ನುತ್ತಾರೆ. ನಗಲಿ, ಅವರ ಪರ್ಸು ಎರಡು ಸಲ ಬಸ್ಸಿನಲ್ಲಿ ಹೋಗಿದೆ, ನನ್ನದು ಒಂದು ಸಲವೂ ಹೋಗಿಲ್ಲ.

ಬಾಗಿಲು ತೆಗೆದವಳು ಅವ್ವ. ನನ್ನನ್ನು ನೋಡಿ ನಕ್ಕಳು, ಆದರೆ ನಗುವ ಮೊದಲು ಒಂದು ಗಳಿಗೆ ಹಿಂದೆ ತಿರುಗಿ ಆ ಕೋಣೆಯ ಬಾಗಿಲನ್ನು ನೋಡಿದಳು. ಬಾಗಿಲು ಮುಚ್ಚಿತ್ತು. ಅದರ ಕೆಳಗಿನ ಸಂದಿಯಿಂದ ನೇರಳೆ ಬಣ್ಣದ ಬೆಳಕು ಹೊರಗೆ ಬರುತ್ತಿತ್ತು. ಹಗಲು ಹನ್ನೊಂದು ಗಂಟೆಗೆ ಮುಚ್ಚಿದ ಕೋಣೆಯಲ್ಲಿ ನೇರಳೆ ಬೆಳಕು ಯಾಕೆ ಬೇಕು ಎಂದು ನಾನು ಕೇಳುವುದರೊಳಗೆ ಬಾಗಿಲು ಅರ್ಧ ತೆರೆದು ನನ್ನ ತಮ್ಮನ ಹೆಂಡತಿ ತಲೆ ಹೊರಗೆ ಹಾಕಿದಳು. ಆ ಬೆಳಕಿನಲ್ಲಿ ಅವಳ ಹಲ್ಲು, ಕಣ್ಣಿನ ಬಿಳಿ, ರವಿಕೆಯ ಅಂಚಿನ ದಾರ ಮಾತ್ರ ಬೆಳ್ಳಗೆ ಉರಿಯುತ್ತಿದ್ದವು. ನಾನು ಹೆದರಿದೆ ಎಂದು ಹೇಳಬೇಕು, ಆದರೆ ಆಗ ಹೇಳಲಿಲ್ಲ.

"ಬರ್ರಿ ಅಕ್ಕಾರೆ, ಕೂಡ್ರಿ. ಕೈ ತೊಳ್ಕೊಂಡು ಬಂದೆ" ಎಂದು ಬಾಗಿಲು ಎಳೆದುಕೊಂಡಳು.

ಆಮೇಲೆ ಅವಳೇ ವಿವರಿಸಿದಳು. ಈಗ ಊರಲ್ಲಿ ಹುಟ್ಟಿದ ಹಬ್ಬಕ್ಕೆ ಜನ ಕೋಣೆ ಬಾಡಿಗೆಗೆ ಕೇಳುತ್ತಾರಂತೆ. ಬಲೂನು ಕಟ್ಟಿದ ಕೋಣೆ ಎಲ್ಲರ ಹತ್ತಿರವೂ ಇದೆ, ಕತ್ತಲಲ್ಲಿ ಹೊಳೆಯುವ ಕೋಣೆ ಹರಿಹರದಲ್ಲಿ ಯಾರ ಹತ್ತಿರವೂ ಇಲ್ಲ. ಫೋನಿನಲ್ಲಿ ನೋಡಿ ಕಲಿತಿದ್ದಾಳೆ. ದಾವಣಗೆರೆಯಿಂದ ಎರಡು ನೇರಳೆ ಟ್ಯೂಬು ತರಿಸಿದ್ದಾಳೆ. ಗೋಡೆಗೆ ಕಪ್ಪು ಬಣ್ಣ ಬಳಿದು, ಆ ಬೆಳಕಿಗೆ ಹೊಳೆಯುವ ವಸ್ತುಗಳನ್ನು ಅಂಟಿಸಬೇಕು. ಮುಂದಿನ ತಿಂಗಳು ಮಗಳಿಗೆ ಆರು ತುಂಬುತ್ತದೆ, ಮೊದಲು ಅವಳ ಹುಟ್ಟಿದ ಹಬ್ಬವನ್ನೇ ಅಲ್ಲಿ ಮಾಡಿ ನೋಡುವುದು. ನನ್ನ ತಮ್ಮ ಪಾಳಿ ಮುಗಿಸಿ ಬಂದು ಮಲಗುವವನು, ಹೆಂಡತಿ ಏನು ಮಾಡಿದರೂ ಹೂಂ ಎನ್ನುವವನು. ಅವನನ್ನು ಕೇಳಿ ಪ್ರಯೋಜನವಿರಲಿಲ್ಲ.

"ಅಪ್ಪನ ಕೋಣೆಗೆ ಕರೀ ಬಣ್ಣನಾ?" ಎಂದೆ.

"ಮಾವಾರಿಗೆ ಹುಡುಗ್ರು ಅಂದ್ರೆ ಇಷ್ಟ ಇತ್ತಲ್ರಿ" ಎಂದಳು. ಉತ್ತರ ಮೊದಲೇ ತಯಾರಾಗಿತ್ತು. ತಯಾರಾದ ಉತ್ತರವನ್ನು ನಾನು ನಂಬುವುದಿಲ್ಲ.

ನನಗೆ ಆ ಮನೆಯಲ್ಲಿ ಬೇಕಾದದ್ದು ಒಂದೇ, ನಮ್ಮ ಅವ್ವ. ಅಪ್ಪ ಹೋದ ದಿನದಿಂದ ಅವಳನ್ನು ದಾವಣಗೆರೆಗೆ ಕರೆದುಕೊಂಡು ಬರಬೇಕೆಂಬುದು ನನ್ನ ಹಟ. ಮಗಳ ಮನೆ, ಎರಡು ಕೋಣೆ, ಹತ್ತಿರದಲ್ಲೇ ಆಸ್ಪತ್ರೆ, ಹೊತ್ತಿಗೆ ಸರಿಯಾಗಿ ಊಟ. ಅವ್ವ ಒಲ್ಲೆ ಎನ್ನುತ್ತಿದ್ದಳು. "ನಾ ಇಲ್ಲೇ ಆರಾಮಿದೀನಿ ಬಿಡು" ಎಂದು ಮಾತು ತೇಲಿಸುತ್ತಿದ್ದಳು. ಅರವತ್ತೆಂಟರ ಹೆಂಗಸು ಹೆತ್ತ ಮಗಳ ಮನೆ ಬಿಟ್ಟು ಸೊಸೆಯ ಕೈಕೆಳಗೆ ಆರಾಮ ಎಂದರೆ ಏನರ್ಥ? ಅವಳನ್ನು ಅಲ್ಲಿ ಯಾರೋ ಹಿಡಿದಿಟ್ಟಿದ್ದಾರೆ ಎಂದೇ ನನಗೆ ಅನ್ನಿಸುತ್ತಿತ್ತು. ಆ ಮನೆಯಲ್ಲಿ ಏನಾದರೂ ತಪ್ಪು ಕಂಡುಹಿಡಿದರೆ ಸಾಕು, ಅವತ್ತೇ ಕರೆದುಕೊಂಡು ಹೋಗುವುದು ಎಂದು ತೀರ್ಮಾನ ಮಾಡಿಕೊಂಡಿದ್ದೆ. ಅದನ್ನು ಅವ್ವನ ಮುಂದೆ, ಸೊಸೆಯ ಮುಂದೆ ಎರಡು ಮೂರು ಸಲ ಬಾಯಿಬಿಟ್ಟು ಹೇಳಿಯೂ ಇದ್ದೆ.

ಮುಂದಿನ ಭಾನುವಾರ ಹೋದಾಗ ಕೋಣೆ ಅರ್ಧ ತಯಾರಾಗಿತ್ತು. ಸುಳ್ಳು ಹೇಳಬಾರದು, ಕೆಲಸದಲ್ಲಿ ಹುಡುಗಿ ಚುರುಕು. ಗಾರೆಯವರು ಗೋಡೆ ನೇರ ನೋಡಲು ಕಟ್ಟುತ್ತಾರಲ್ಲ, ಆ ಗುಲಾಬಿ, ಹಸಿರು ನೈಲಾನ್ ದಾರವನ್ನು ತಂದು ಒಂದು ಗೋಡೆಯಿಂದ ಇನ್ನೊಂದಕ್ಕೆ ಅಡ್ಡಡ್ಡ ಬಿಗಿದಿದ್ದಳು. ಕಣ್ಣು ಕುಕ್ಕುವ ಬಣ್ಣದ ಡ್ರಾಯಿಂಗ್ ಹಾಳೆಯಲ್ಲಿ ಮೀನು ಕತ್ತರಿಸಿದ್ದಳು. ಮಕ್ಕಳು ಪುಸ್ತಕದಲ್ಲಿ ಗೆರೆ ಎಳೆಯುವ ಹೈಲೈಟರ್ ಪೆನ್ನಿನ ಬತ್ತಿ ತೆಗೆದು ನೀರಲ್ಲಿ ನೆನೆಸಿ, ಆ ನೀರನ್ನು ಖಾಲಿ ಬಾಟಲಿಗೆ ತುಂಬಿ ಸಾಲಾಗಿ ಇಟ್ಟಿದ್ದಳು. ಟ್ಯೂಬು ಹಾಕಿದರೆ ಬಾಟಲಿಗಳೆಲ್ಲ ದೀಪ ಹಚ್ಚಿದಂತೆ ಹೊಳೆಯುತ್ತಿದ್ದವು. ನನ್ನ ತಮ್ಮನ ಹಳೆಯ ಬನಿಯನ್ನುಗಳನ್ನು ಕತ್ತರಿಸಿ ಮೋಡ ಮಾಡಿದ್ದಳು. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಬಟ್ಟೆ ಆ ಬೆಳಕಿಗೆ ನೀಲಿಯಾಗಿ ಉರಿಯುತ್ತದಂತೆ. ಹೊಸ ಬನಿಯನ್ನಿಗಿಂತ ಹತ್ತು ಸಲ ಒಗೆದದ್ದೇ ಹೆಚ್ಚು ಹೊಳೆಯುವುದನ್ನು ನಾನೇ ಕಂಡೆ.

ನೋಡುತ್ತ ನಿಂತವಳಿಗೆ ನನ್ನ ಸೀರೆಯ ಮೇಲೆ ಏನೇನೋ ಕಾಣತೊಡಗಿತು. ಹಗಲಿನಲ್ಲಿ ಸ್ವಚ್ಛವಾಗಿದ್ದ ಸೀರೆಯ ತುಂಬ ಬಿಳಿ ನೂಲಿನ ಎಳೆ, ಧೂಳು. ಇನ್ನೂ ಆರು ತುಂಬದ ತಮ್ಮನ ಮಗಳು ನನ್ನ ಬಾಯನ್ನೇ ದಿಟ್ಟಿಸಿ ನೋಡಿದಳು.

"ಅತ್ತೆ, ನಿಂದೊಂದು ಹಲ್ಲು ಕರ್ರಗೈತೆ!"

ಅದು ಮೂರು ವರ್ಷದ ಹಿಂದೆ ಕಟ್ಟಿಸಿದ ಹಲ್ಲು. ನನ್ನ ಸಹೋದ್ಯೋಗಿಗಳಿಗೇ ಗೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಹಗಲು ಮುಚ್ಚಿಟ್ಟದ್ದನ್ನು ಬಯಲಿಗೆ ಎಳೆಯುವ ಆ ಬೆಳಕು ನನಗೆ ಒಂಚೂರೂ ಹಿಡಿಸಲಿಲ್ಲ.

ಅವತ್ತೇ ಬಚ್ಚಲಿಗೆ ಕಾಲು ತೊಳೆಯಲು ಹೋದಾಗ ಒಗೆಯುವ ಕಲ್ಲಿನ ಅಂಚಿನಲ್ಲಿ ಹಳದಿ ಕಲೆ ಕಂಡೆ. ಬೆರಳಿನಿಂದ ಮುಟ್ಟಿ ಮೂಸಿದೆ. ಅರಿಶಿನ, ಹಸಿ ಅರಿಶಿನ.

"ಬಚ್ಚಲಾಗೆ ಅರಿಶಿನ ಯಾರು ಹಚ್ಕೊಂಡಿದ್ರು?" ಎಂದು ಅಡುಗೆಮನೆಯ ಕಡೆಗೆ ಕೇಳಿದೆ.

"ನಾನೇ ರೀ, ಮುಖಕ್ಕೆ" ಎಂದಳು ತಮ್ಮನ ಹೆಂಡತಿ. ತಿರುಗಿ ನೋಡದೆ ಹೇಳಿದಳು. ಅವಳು ಮುಖಕ್ಕೆ ಟ್ಯೂಬಿನಲ್ಲಿ ಬರುವ ಕ್ರೀಮು ಬಿಟ್ಟು ಬೇರೇನೂ ಹಚ್ಚುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳ ಮುಖದಲ್ಲಿ ಅರಿಶಿನದ ಸುಳಿವೂ ಇರಲಿಲ್ಲ. ಸುಳ್ಳು ಸಿಕ್ಕಿತು, ಆದರೆ ಯಾವುದಕ್ಕಾಗಿ ಹೇಳಿದ ಸುಳ್ಳು ಎಂದು ತಿಳಿಯಲಿಲ್ಲ.

ಅವ್ವ ಹಚ್ಚಿಕೊಂಡಿರಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ಯಾಕೆಂದರೆ ಅದನ್ನು ನಿಲ್ಲಿಸಿದವಳೇ ನಾನು. ಅಪ್ಪನ ಹನ್ನೊಂದನೆಯ ದಿನ ಭಾನುವಳ್ಳಿಯಿಂದ ಬಂದ ಸೋದರತ್ತೆ ಅವ್ವನನ್ನು ಬಚ್ಚಲಲ್ಲಿ ಕೂರಿಸಿ, ಕುಂಕುಮ ಒರೆಸಿ, ಬಳೆ ತೆಗೆಸಿ, ಕೆನ್ನೆ ಪಾದಗಳ ಅರಿಶಿನವನ್ನು ತಿಕ್ಕಿ ತಿಕ್ಕಿ ತೊಳೆದಿದ್ದಳು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, "ಅರಿಶಿನ ಆದ್ರೂ ಇರ್ಲಿ ಬಿಡ್ರಿ, ಅದು ಹುಟ್ಟಿದಾಗಿಂದ ಹಚ್ಕೊಂಡಿದ್ದು" ಎಂದಿದ್ದಳು. "ನಿನ್ನ ಯಾರು ಕೇಳಿದ್ರು?" ಎಂದು ನಾನು ಎಲ್ಲರ ಎದುರಿಗೇ ಗದರಿದ್ದೆ. ಜನ ಏನಂದಾರು ಎಂಬ ಭಯ ನನ್ನದು. ಆಮೇಲೆ ಅವ್ವನ ಹತ್ತಿರ ಕೂತು, "ಇನ್ಮ್ಯಾಲೆ ಅರಿಶಿನ ಮುಟ್ಟಬ್ಯಾಡ ಅವ್ವ, ನೋಡಿದೋರು ಆಡ್ಕೊಂತಾರೆ" ಎಂದು ಮೆತ್ತಗೆ ಹೇಳಿದ್ದೆ. ಅವ್ವ ತಲೆಯಾಡಿಸಿದ್ದಳು. ನನ್ನ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿದಿತ್ತು.

ಮೂರನೆಯ ಭಾನುವಾರ ನಾನು ಹುಡುಕುವುದಕ್ಕೆಂದೇ ಹೋದೆ. ತಮ್ಮನ ಹೆಂಡತಿ ಅಂಗಡಿಗೆ ಹೋದದ್ದೇ ತಡ, ಬಚ್ಚಲಿಗೆ ನುಗ್ಗಿದೆ. ನೀರು ಕಾಯಿಸುವ ಹಂಡೆಯ ಹಿಂದೆ ಕೈ ಹಾಕಿದರೆ ಹಳೆಯ ಪೇಪರಿನ ಗಂಟು ಸಿಕ್ಕಿತು. ಬಿಚ್ಚಿದರೆ ಎರಡು ಅರಿಶಿನದ ಕೊಂಬು, ಅಂಗೈಯಗಲದ ತೇಯುವ ಕಲ್ಲು. ಅರಿಶಿನದ ಕೊಂಬನ್ನು ಯಾರಾದರೂ ಹಂಡೆಯ ಹಿಂದೆ ಬಚ್ಚಿಡುತ್ತಾರೆಯೇ? ಮನೆಯ ಅಡುಗೆಗೆ ಡಬ್ಬಿಯಲ್ಲಿ ಪುಡಿ ಇದೆ. ಗಂಟನ್ನು ಇದ್ದ ಹಾಗೇ ಕಟ್ಟಿ ಇದ್ದಲ್ಲೇ ಇಟ್ಟೆ.

ಹೊರಗೆ ಬಂದರೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದಳು. ಕಡರನಾಯಕನಹಳ್ಳಿ ಕಡೆಯ ಹೆಂಗಸು, ಓಣಿಯ ಸುದ್ದಿಯೆಲ್ಲ ಆಕೆಯ ಬಾಯಲ್ಲಿ.

"ಏನ್ ಟೀಚರೇ, ನಿಮ್ ಮನ್ಯಾಗೆ ಕರೀ ಬಟ್ಟೆ, ಕರೀ ಬಣ್ಣ, ಮುಚ್ಚಿದ ಬಾಗ್ಲು. ಒಳಗೆ ಅದೇನೋ ನೇರಳೆ ದೀಪ ಬೇರೆ. ಅಜ್ಜಿನೂ ಒಂಥರಾ ಸುಮ್ಮಗಾಗ್ಯಾಳೆ. ನಾನೇನು ಹೇಳ್ಲಿಲ್ಲಪ್ಪ, ನೀವು ಓದಿದೋರು, ನೀವೇ ನೋಡ್ಕೊಳ್ರಿ."

ಹೇಳಲಿಲ್ಲ ಎನ್ನುತ್ತಲೇ ಎಲ್ಲವನ್ನೂ ಹೇಳಿದ್ದಳು. ಮಾಟ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ನಾನು ಒಂಬತ್ತನೆಯ ತರಗತಿಗೆ ಮೂಢನಂಬಿಕೆಯ ಪಾಠ ಮಾಡುವವಳು. ಆದರೂ ಅವತ್ತು ಬಸ್ಸಿನಲ್ಲಿ ಕೂತು ಕರಿಬಟ್ಟೆ, ನೇರಳೆ ಬೆಳಕು, ಬಚ್ಚಿಟ್ಟ ಅರಿಶಿನ, ಸುಳ್ಳು ಉತ್ತರ ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿದೆ. ದಾವಣಗೆರೆ ಬರುವಷ್ಟರಲ್ಲಿ ತಮ್ಮನ ಹೆಂಡತಿ ನಮ್ಮ ಅವ್ವನಿಗೆ ಏನೋ ಮಾಡಿಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಗಿಬಿಟ್ಟಿತ್ತು. ಓದಿದವಳು ಎಂಬ ನಾಚಿಕೆಗೆ ಗಂಡನಿಗೆ ಹೇಳಲಿಲ್ಲ.

ಇನ್ನೊಂದು ಸಂಗತಿಯನ್ನೂ ಆ ಗಂಟಿಗೆ ಸೇರಿಸಿದ್ದೆ. ನಾನು ಹೋದಾಗಲೆಲ್ಲ ಅವ್ವ ಕಾಲು ಮಡಚಿ ಕೂತು ಸೀರೆಯ ನೆರಿಗೆಯನ್ನು ಪಾದದ ಮೇಲೆ ಎಳೆದುಕೊಳ್ಳುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ. ನಾನು ಕಾಲು ಒತ್ತಿಕೊಡುತ್ತೇನೆಂದರೆ "ಬ್ಯಾಡ ಬ್ಯಾಡ" ಎಂದು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬರೆ ಇದೆಯೋ, ಗಾಯವಿದೆಯೋ ಎಂದು ಸಂಶಯವಾಗಿ ಒಂದು ಸಲ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಕಪ್ಪು ಕಾಲು, ಒಡೆದ ಹಿಮ್ಮಡಿ, ಯಾವತ್ತಿನ ಪಾದಗಳೇ. ಆದರೆ ಅವ್ವನ ಕಣ್ಣಿನಲ್ಲಿ ಹೆದರಿಕೆಯಿತ್ತು. ಸೊಸೆಗೆ ಹೆದರುತ್ತಿದ್ದಾಳೆ ಎಂದುಕೊಂಡೆ.

ಹುಟ್ಟಿದ ಹಬ್ಬದ ದಿನ ಅವ್ವನ ಬಟ್ಟೆ ತುಂಬಿಕೊಂಡು ಬರಲು ದೊಡ್ಡ ಖಾಲಿ ಚೀಲವೊಂದನ್ನು ಮಡಚಿ ತೆಗೆದುಕೊಂಡು ಹೋದೆ. ಓಣಿಯ ಜನರ ಮುಂದೆಯೇ ಹಂಡೆಯ ಹಿಂದಿನ ಅರಿಶಿನದ ಗಂಟನ್ನು ಹೊರಗೆ ತೆಗೆದು ಇಡುತ್ತೇನೆ, ಏನಿದು ಎಂದು ಕೇಳುತ್ತೇನೆ, ಸಂಜೆಯ ಬಸ್ಸಿಗೆ ಅವ್ವನನ್ನು ಹತ್ತಿಸುತ್ತೇನೆ ಎಂಬುದು ನನ್ನ ಯೋಜನೆ.

ನಾಲ್ಕು ಗಂಟೆಗೆ ಓಣಿಯ ಎಂಟು ಒಂಬತ್ತು ಮಕ್ಕಳು ಬಂದರು. ಪಕ್ಕದ ಮನೆಯಾಕೆ ತಪ್ಪದೆ ಬಂದಳು, ಜೊತೆಗೆ ಎದುರು ಮನೆಯ ಹೆಂಗಸೊಬ್ಬಳನ್ನೂ ಕರೆತಂದಳು. ತಮ್ಮ ಪಾಳಿಗೆ ಹೋಗಿದ್ದ. ಎಲ್ಲರೂ ಕೋಣೆಯೊಳಗೆ ಹೋಗುವಾಗ ಅವ್ವ ಮಾತ್ರ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು.

"ಏಳವ್ವ, ಒಳಗೆ ಹೋಗಾಣ" ಎಂದೆ.

"ನಾ ಇಲ್ಲೇ ಕುಂತಿರ್ತೀನಿ. ನೀ ಹೋಗು."

ತಮ್ಮನ ಹೆಂಡತಿ ಬಾಗಿಲಿನಿಂದ ಓಡಿ ಬಂದಳು. "ಅತ್ತಿಯಾರು ಹೊರಗೇ ಇರ್ಲಿ ಬಿಡ್ರಿ ಅಕ್ಕಾರೆ. ಆ ಲೈಟು ಅವ್ರ ಕಣ್ಣಿಗೆ ಆಗಂಗಿಲ್ಲ. ಕೇಕು ಹೊರಗೇ ತಂದು ಕೊಡ್ತೀನಿ."

ಅವಳ ಮುಖ ಬಿಳಿಚಿಕೊಂಡಿತ್ತು. ಸಿಕ್ಕಿಬೀಳುವ ಮೊದಲು ಮಕ್ಕಳ ಮುಖ ಹೇಗಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಮೊಮ್ಮಗಳು ಕೇಕು ಕತ್ತರ್ಸುವಾಗ ಅಜ್ಜಿ ಯಾಕ ಹೊರಗೆ ಕೂಡಬೇಕು? ಗಂಡ ಸತ್ತೋಳು ಶುಭಕ್ಕೆ ಬರಬಾರ್ದು ಅಂತನಾ? ಹೇಳು, ಎಲ್ರಿಗೂ ಕೇಳ್ಸಂಗೆ ಹೇಳು!"

ಅವ್ವ "ಬಿಡೇ, ಜಗಳ ಬ್ಯಾಡ, ನಂಗೇ ಬ್ಯಾಡಾಗೈತೆ" ಎಂದಳು. ನಾನು ಕೇಳಲಿಲ್ಲ. ಅವ್ವನ ತೋಳು ಹಿಡಿದು ಎಬ್ಬಿಸಿದೆ. ಅವಳು ಎರಡು ಹೆಜ್ಜೆ ಹಿಂದೆ ಜಗ್ಗಿದಳು, ನಾನು ಮುಂದೆ ಎಳೆದೆ. ಹಾಗೆ ಎಳೆದುಕೊಂಡೇ ಹೋಗಿ ಅವಳನ್ನು ಕೋಣೆಯ ನಡುವೆ ನಿಲ್ಲಿಸಿ ಹಿಂದಿನಿಂದ ಬಾಗಿಲು ಹಾಕಿದೆ.

ಕಪ್ಪು ಗೋಡೆಯ ಮೇಲೆ ಮೀನುಗಳು ಹೊಳೆಯುತ್ತಿದ್ದವು. ತಲೆಯ ಮೇಲೆ ದಾರಗಳು ಉರಿಯುತ್ತಿದ್ದವು. ಮಕ್ಕಳ ಬಿಳಿ ಅಂಗಿ, ಹಲ್ಲು, ಕಾಲುಚೀಲಗಳು ನೀಲಿಯಾಗಿ ಕುಣಿಯುತ್ತಿದ್ದವು. ಒಬ್ಬ ಹುಡುಗ ಕೆಳಗೆ ಬೆರಳು ತೋರಿಸಿ ಕೂಗಿದ.

"ಅಜ್ಜಿ ಕಾಲು ನೋಡ್ರೋ!"

ನಾನು ನೋಡಿದೆ. ಅವ್ವನ ಎರಡೂ ಪಾದಗಳು ಬೆರಳ ತುದಿಯಿಂದ ಹರಡಿನವರೆಗೆ ಹಸಿರು ಬೆರೆತ ಹಳದಿಯಲ್ಲಿ ಹೊಳೆಯುತ್ತಿದ್ದವು. ಒಡೆದ ಹಿಮ್ಮಡಿಯ ಒಂದೊಂದು ಬಿರುಕೂ ಬೆಳಗುತ್ತಿತ್ತು. ಕಣ್ಣೆತ್ತಿದರೆ ಎರಡು ಕೆನ್ನೆ, ಕಿವಿಯ ಕೆಳಗೆ ನೀರು ಸರಿಯಾಗಿ ತಾಗದ ಜಾಗ, ಕತ್ತಿನ ಸುತ್ತ, ಅಂಗೈ ಗೆರೆ, ಎಲ್ಲ ಕಡೆಯೂ ಅದೇ ಹಳದಿ. ಹಗಲಿನಲ್ಲಿ ತೊಳೆದು ಮರೆಸಿದ್ದು ಆ ಬೆಳಕಿನಲ್ಲಿ ಒಂದೂ ಉಳಿಯದೆ ಹೊರಗೆ ಬಂದಿತ್ತು. ಅವ್ವ ಗಾಬರಿಯಾಗಿ ಬಗ್ಗಿ ಸೀರೆಯನ್ನು ಪಾದದ ಮೇಲೆ ಎಳೆದಳು. ಎಳೆಯುವ ಕೈಯೂ ಹೊಳೆಯುತ್ತಿತ್ತು. ಎಲ್ಲಿ ಮುಚ್ಚಿಕೊಳ್ಳಬೇಕೆಂದು ಗೊತ್ತಾಗದೆ ಅವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ಹಂಡೆಯ ಹಿಂದಿನ ಕೊಂಬು ಯಾರದೆಂದು ನನಗೆ ಆಗ ತಿಳಿಯಿತು.

"ಇದೇನ್ರೀ ಇದು?" ಎಂದು ಪಕ್ಕದ ಮನೆಯಾಕೆ ಮುಂದೆ ಬಂದಳು. "ಅರಿಶಿನ ಅಲ್ವೇನು? ಅಜ್ಜಿ ಅರಿಶಿನ ಹಚ್ಕೊಂತಾಳಾ? ಗಂಡ ಹೋದ್ಮ್ಯಾಲೂ?"

ಓಣಿಗೆಲ್ಲ ಹೇಳಲು ಆಕೆಗೆ ಅರ್ಧ ಗಂಟೆ ಸಾಕು. ಅವ್ವನನ್ನು ಎಳೆದು ತಂದು ಆಕೆಯ ಮುಂದೆ ನಿಲ್ಲಿಸಿದ್ದು ನಾನೇ.

ತಮ್ಮನ ಹೆಂಡತಿ ಜೋರಾಗಿ ನಕ್ಕಳು. "ಹೂನ್ರಿ, ಅರಿಶಿನ. ಈ ಲೈಟಿಗೆ ಅರಿಶಿನ ಹೆಂಗೆ ಹೊಳಿತೈತೆ ನೋಡ್ರಿ! ಹುಡುಗ್ರಿಗೆ ತೋರ್ಸಾಕೆ ಅಂತ ನಾನೇ ಬೆಳಿಗ್ಗೆ ಅತ್ತಿಯಾರಿಗೆ ಹಚ್ಚಿದ್ದೆ. ಅವ್ರು ಬ್ಯಾಡ ಅಂತಿದ್ರು, ನಾನೇ ಹಟ ಮಾಡಿದ್ದು. ತಡೀರೋ, ನಿಮ್ಗೂ ಹಚ್ತೀನಿ."

ಓಡಿಹೋಗಿ ಅಡುಗೆಮನೆಯಿಂದ ಬಟ್ಟಲಲ್ಲಿ ಅರಿಶಿನದ ಪುಡಿ ಕಲಸಿಕೊಂಡು ಬಂದಳು. ಒಂದೊಂದು ಮಗುವಿನ ಕೆನ್ನೆಗೂ ಎರಡೆರಡು ಬೆರಳು ಬಳಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಕಿರುಚಿದರು, ಮೂಗಿಗೆ ಹಚ್ಚು, ಕೈಗೆ ಹಚ್ಚು ಎಂದು ಮುತ್ತಿಕೊಂಡರು. ಎದುರು ಮನೆಯ ಹೆಂಗಸು ಕೂಡ ಅಂಗೈ ಚಾಚಿದಳು. ಪಕ್ಕದ ಮನೆಯಾಕೆ ಮಾತ್ರ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದೇನ್ರಿ ಟೀಚರೇ?"

ಇಪ್ಪತ್ತೆರಡು ವರ್ಷ ನಾನು ಇನ್ನೊಬ್ಬರ ಸುಳ್ಳು ಹಿಡಿದು ಊಟ ಮಾಡಿದವಳು. "ಹೌದ್ರಿ" ಎಂದೆ. "ನನ್ನ ಮುಂದೇನೇ ಹಚ್ಚಿದ್ಲು." ಆಕೆಗೆ ನಂಬಿಕೆ ಬಂತೋ ಇಲ್ಲವೋ, ಮಕ್ಕಳ ಗದ್ದಲದಲ್ಲಿ ಮುಂದೆ ಕೇಳಲಿಲ್ಲ. ಕೇಕು ಕತ್ತರಿಸಿದ್ದಾಯಿತು, ಹಾಡು ಹೇಳಿದ್ದಾಯಿತು. ತಿರುಗಿ ನೋಡಿದರೆ ಅವ್ವ ಕೋಣೆಯಲ್ಲಿರಲಿಲ್ಲ.

ಎಲ್ಲರೂ ಹೋದ ಮೇಲೆ ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು, "ಯಾವಾಗಿಂದ?" ಎಂದು ಕೇಳಿದೆ.

"ಮಾವಾರು ಹೋಗಿ ಮೂರು ತಿಂಗಳಾಗಿತ್ತು. ಬಚ್ಚಲಾಗೆ ಸ್ನಾನ ಮಾಡಿ ಸುಮ್ನೆ ಕುಂತ್ಬಿಡೋರು. ಹೊರಗೆ ಬರ್ತಿರ್ಲಿಲ್ಲ. ಒಂದಿನ ಕೇಳಿದೆ. 'ಅರಿಶಿನ ಹಚ್ಚದಿದ್ರೆ ಮೈ ತೊಳ್ಕೊಂಡಂಗೇ ಆಗಂಗಿಲ್ಲ ಕಣೇ, ಇವು ನನ್ನ ಕಾಲಲ್ಲ ಅನ್ಸುತ್ತೆ' ಅಂದ್ರು. ನಾನೇ ಕೊಂಬು ತಂದುಕೊಟ್ಟೆ. ಹಚ್ಕೊಂಡು, ಒಂದೈದು ನಿಮಿಷ ನೋಡ್ಕೊಂಡು, ತೊಳ್ದು ಬರ್ತಾರೆ. ಯಾರಿಗೂ ಕಾಣ್ತಿರ್ಲಿಲ್ಲ. ಈ ಟ್ಯೂಬು ತಂದ ದಿನ ಕಾಫಿ ಕೊಡಾಕೆ ಒಳಗೆ ಬಂದ್ರು, ಕಾಲು ಹೊಳೀತಿದ್ವು, ಆಗ ಇಬ್ರಿಗೂ ಗೊತ್ತಾತು."

"ನಂಗ್ಯಾಕ ಹೇಳ್ಲಿಲ್ಲ?"

ಅವಳು ನಲ್ಲಿ ನಿಲ್ಲಿಸಿದಳು. "ನಿಮ್ಗೆ ಹೇಳೋದಾ ಅಕ್ಕಾರೆ?" ಎಂದಷ್ಟೇ ಹೇಳಿದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ತಿಂಗಳಿಂದ ಇವಳನ್ನು ಮನಸ್ಸಿನಲ್ಲೇ ಮಾಟಗಾತಿ ಮಾಡಿ ಕೂತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತೊಳೆದ ತಟ್ಟೆಗಳನ್ನು ಒರೆಸಿ ಜೋಡಿಸಿದೆ.

ಬಚ್ಚಲಿನಿಂದ ಒಂದೇ ಸಮನೆ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅವ್ವ ನೆಲಕ್ಕೆ ಕೂತು, ಸೋಪು ಹಚ್ಚಿ, ಹಿಮ್ಮಡಿ ಉಜ್ಜುವ ಕಲ್ಲಿನಿಂದ ಪಾದಗಳನ್ನು ತಿಕ್ಕುತ್ತಿದ್ದಳು. ಹೊರಗಿನ ಬೆಳಕಿನಲ್ಲಿ ಅವುಗಳ ಮೇಲೆ ಏನೂ ಇರಲಿಲ್ಲ. ಆದರೂ ತಿಕ್ಕುತ್ತಿದ್ದಳು. ಬೆರಳಿನ ಗೆಣ್ಣಿನ ಹತ್ತಿರ ಚರ್ಮ ಕೆಂಪಾಗಿತ್ತು.

"ಅವ್ವ, ಬಿಡು. ಹೋಗೈತೆ."

"ಇಲ್ಲ, ಐತೆ. ಆ ಲೈಟಿಗೆ ಕಾಣ್ತೈತೆ."

"ಕಂಡ್ರೆ ಕಾಣ್ಲಿ ಬಿಡವ್ವ."

ಅವಳು ನಂಬಲಿಲ್ಲ. ನನ್ನ ಮಾತನ್ನು ಅವಳು ಯಾಕೆ ನಂಬಬೇಕು? ತಲೆ ಎತ್ತದೆ, ತಿಕ್ಕುವುದನ್ನು ನಿಲ್ಲಿಸದೆ ಕೇಳಿದಳು.

"ಈಗ ನನ್ನ ನಿನ್ ಮನೀಗೆ ಕರ್ಕೊಂಡು ಹೋಗ್ತೀಯೇನು?"

ಕಾಪಿ ಹೊಡೆದು ಸಿಕ್ಕಿಬಿದ್ದ ಮಕ್ಕಳು ಇದೇ ದನಿಯಲ್ಲಿ ಕೇಳುತ್ತಾರೆ, ಮನೆಗೆ ಹೇಳ್ತೀರಾ ಮಿಸ್ ಎಂದು. ಇಷ್ಟು ದಿನ ನಾನು ಆಸರೆ ಎಂದುಕೊಂಡದ್ದು ಅವಳಿಗೆ ಶಿಕ್ಷೆಯಾಗಿತ್ತು. ಅವ್ವ ಹೆದರಿದ್ದು ಸೊಸೆಗಲ್ಲ, ನನಗೆ.

"ಇಲ್ಲವ್ವ."

"ಖರೇನಾ?"

"ಖರೇ. ನೀ ಇಲ್ಲೇ ಇರು."

ಅವ್ವ ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ ಕಲ್ಲನ್ನು ಕೆಳಗಿಟ್ಟು, ಕಾಲ ಮೇಲೆ ನೀರು ಹಾಕು ಎಂದು ಚೊಂಬನ್ನು ನನ್ನ ಕೈಗೆ ಕೊಟ್ಟಳು.